ದಕ್ಷಿಣದ ಬಾಗಿಲು ಮತ್ತು ಒಂದು ಸ್ಟೀಲ್ ಡಬ್ಬಿ

ನಮ್ಮ ಕಚೇರಿಯ ಅರ್ಜಿಯಲ್ಲಿ ‘ಬದಲಾವಣೆಗೆ ಕಾರಣ’ ಎಂದು ಒಂದು ಖಾನೆ ಇದೆ. ಜನ ಅಲ್ಲಿ ಸಾಮಾನ್ಯವಾಗಿ ಕಿಟಕಿ ಕೊಳೆತಿದೆ, ಮಾಡು ಸೋರುತ್ತಿದೆ, ಹೆಂಡತಿಗೆ ಈ ಬಣ್ಣ ಹಿಡಿಸುತ್ತಿಲ್ಲ ಎಂದೆಲ್ಲ ಬರೆಯುತ್ತಾರೆ. ಆ ಸೋಮವಾರ ಬಂದ ಅರ್ಜಿಯಲ್ಲಿ ಒಂದೇ ಪದವಿತ್ತು: ವಾಸ್ತು.

ಎದುರು ಮೇಜಿನ ಗುಮಾಸ್ತೆ ಟೆಕ್ಸಸ್‌ನವಳೇ. ಅದನ್ನು ಎರಡು ಸಲ ಓದಿ, “ಇದು ಗೆದ್ದಲಿನಲ್ಲಿ ಒಂದು ಜಾತಿಯಾ?” ಎಂದು ಕೇಳಿದಳು.

“ಗೆದ್ದಲಿಗಾದರೆ ಔಷಧಿ ಇದೆ,” ಎಂದೆ.

ನಾನಿರುವುದು ಟೆಕ್ಸಸ್‌ನ ಫ್ಲೂಗರ್‌ವಿಲ್ ಎಂಬ ಊರಿನಲ್ಲಿ. ಕೆಲಸ ಅಲ್ಲಿಂದ ಅರ್ಧ ಗಂಟೆ ಉತ್ತರಕ್ಕಿರುವ ಒಂದು ಊರಿನ ನಗರ ಕಚೇರಿಯಲ್ಲಿ, ಹಳೆಯ ಕಟ್ಟಡಗಳನ್ನು ಕಾಯುವುದು. ಊರು ಬೆಳೆಯುವ ರಭಸ ಹೇಗಿದೆಯೆಂದರೆ, ಬೆಳಿಗ್ಗೆ ಜೋಳದ ಹೊಲ ನೋಡಿಕೊಂಡು ಆಫೀಸಿಗೆ ಹೋದರೆ ಸಂಜೆ ವಾಪಸಾಗುವಾಗ ಅಲ್ಲಿ ಕಾರ್ ವಾಶ್‌ನ ಬೋರ್ಡು ನಿಂತಿರುತ್ತದೆ. ಹಳೆಯ ಊರು ಅಂತ ಉಳಿದಿರುವುದು ಮೂರೇ ಬೀದಿ. ಆ ಮೂರು ಬೀದಿಗೆ ಒಂದು ಸಂರಕ್ಷಣಾ ಆಯೋಗ, ಆಯೋಗಕ್ಕೆ ವರದಿ ಬರೆದುಕೊಡುವುದಕ್ಕೆ ನಾನೊಬ್ಬಳು. ನಿಯಮ ಸರಳ: ರಸ್ತೆಗೆ ಕಾಣುವ ಗೋಡೆಯ ಬಾಗಿಲು, ಕಿಟಕಿ, ಜಗಲಿಯನ್ನು ಆಯೋಗದ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. ಆದರೆ ಅದೇ ನಿಯಮದ ಕೊನೆಯ ಪುಟದಲ್ಲಿ ಒಂದು ತೂತು ಇದೆ. ಮಾಲೀಕರು ಇಡೀ ಮನೆಯನ್ನೇ ಕೆಡವುತ್ತೇನೆಂದರೆ ನಾವು ಕೆಲವು ತಿಂಗಳು ತಡ ಮಾಡಬಹುದು, ನಿಲ್ಲಿಸಲು ಬರುವುದಿಲ್ಲ. ಬಾಗಿಲು ಕೀಳಲು ಅನುಮತಿ ಬೇಕು, ಮನೆ ಕೆಡವಲು ತಾಳ್ಮೆ ಸಾಕು. ಇದನ್ನು ಬರೆದ ಪುಣ್ಯಾತ್ಮರು ಯಾರೋ, ನಾನು ಕೆಲಸಕ್ಕೆ ಸೇರುವ ಮೊದಲೇ ನಿವೃತ್ತರಾಗಿದ್ದರು.

ಅರ್ಜಿ ಹಾಕಿದವರು ಹುಬ್ಬಳ್ಳಿ ಮೂಲದ ಒಬ್ಬ ಹಲ್ಲಿನ ಡಾಕ್ಟರು. ಹತ್ತಿ ಗಿರಣಿಯ ಯಜಮಾನನೊಬ್ಬ ನೂರು ವರ್ಷಕ್ಕೂ ಹಿಂದೆ ಕಟ್ಟಿಸಿದ ಮರದ ಮನೆಯನ್ನು ಕ್ಲಿನಿಕ್ ಮಾಡಲೆಂದು ಕೊಂಡಿದ್ದರು. ಮನೆಯ ಮುಖ ದಕ್ಷಿಣಕ್ಕೆ, ಮುಖ್ಯ ಬೀದಿಗೆ. ಆ ಬಾಗಿಲನ್ನು ಕಿತ್ತು ಗೋಡೆ ಮುಚ್ಚಬೇಕು, ಪೂರ್ವಕ್ಕೆ ಹೊಸ ಬಾಗಿಲು ಇಡಬೇಕು ಎನ್ನುವುದು ಅರ್ಜಿ.

ಸ್ಥಳ ತನಿಖೆಗೆ ಹೋದಾಗ ಕಾರಣಕರ್ತರು ಜಗಲಿಯ ಮೇಲೆಯೇ ನಿಂತಿದ್ದರು: ಡಾಕ್ಟರ ತಂದೆ, ಕೈಯಲ್ಲಿ ಹಿತ್ತಾಳೆಯ ದಿಕ್ಸೂಚಿ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್, ಆರು ತಿಂಗಳ ಮಟ್ಟಿಗೆ ಮಗಳ ಬಳಿ ಬಂದವರು. ನಿವೃತ್ತರಾಗಿದ್ದರು ಎನ್ನುವುದು ಇಲಾಖೆಯ ಅಭಿಪ್ರಾಯ, ಅವರದಲ್ಲ.

“ದವಾಖಾನಿಗೆ ಯಮನ ದಿಕ್ಕಿಗೆ ಬಾಗಲಾ ಇಡೂದೇನ್ರಿ ಮೇಡಂ? ಪೇಷಂಟ್ ಏನಂತ ತಿಳಕೋಬೇಕು?” ಎಂದರು.

“ಪಪ್ಪಾ, ಇದು ಹಲ್ಲಿನ ದವಾಖಾನಿ. ಇಲ್ಲಿ ಯಾರೂ ಸಾಯಂಗಿಲ್ಲ,” ಎಂದರು ಡಾಕ್ಟರು.

“ನಾನೂ ಅದನ್ನ ಹೇಳಾಕತ್ತೇನಿ. ಸಾಯದೋರನ್ನ ಯಾಕ ಆ ಬಾಗಲದಾಗ ಕರೀತಿ?”

ಇಷ್ಟರಲ್ಲಿ ಅವರು ನನಗೆ ಅಂಕಲ್ ಆಗಿಬಿಟ್ಟಿದ್ದರು. ಅಂಕಲ್ ಪೂರ್ವದ ಗೋಡೆಯನ್ನು ಟೇಪಿನಲ್ಲಿ ಅಳೆಯಲು ಹೋದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

“ನನಗ ಇದರಾಗ ನಂಬಿಕಿ ಇಲ್ರಿ. ಆದ್ರ ಪಪ್ಪಾ ಒಲ್ಲೆ ಅಂದಮ್ಯಾಲೆ ಇಲ್ಲಿ ಒಬ್ಬ ಪೇಷಂಟ್ ಎಡವಿದ್ರೂ ನಾ ಜೀವನಪೂರ್ತಿ ಕೇಳಬೇಕಾಗ್ತೈತಿ. ನೀವು ಆಗಂಗಿಲ್ಲ ಅಂದ್ರ ಮಾರಿಬಿಡ್ತೇನಿ. ಕಾರ್ ವಾಶ್‌ನೋರು ಕೇಳ್ಯಾರ, ಮುಂದಿನ ತಿಂಗಳ ಕೊನೀತನಕ ಕಾಯ್ತಾರಂತ.”

ಕಾರ್ ವಾಶ್‌ನವರು ಮನೆಯನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಕೆಡವುತ್ತಾರೆ. ಪಕ್ಕದ ಮನೆಯ ಕಿಟಕಿಯ ಪರದೆ ಅದೇ ಹೊತ್ತಿಗೆ ಅಲ್ಲಾಡಿತು.

ಆ ಪರದೆಯ ಹಿಂದೆ ಇದ್ದವರು ಒಬ್ಬ ಅಜ್ಜಿ. ಎಂಬತ್ತು ದಾಟಿದವರು. ಗಿರಣಿ ಯಜಮಾನನ ಮೊಮ್ಮಗಳು, ಹುಟ್ಟಿದ್ದು ಈ ಮನೆಯಲ್ಲೇ. ಮನೆ ಕೈಬಿಟ್ಟು ಹೋದ ಮೇಲೆ ಪಕ್ಕದ ಚಿಕ್ಕ ಮನೆಯಲ್ಲಿ ಉಳಿದು, ತಾನು ಹುಟ್ಟಿದ ಮನೆಯನ್ನು ಬೇಲಿಯಾಚೆಯಿಂದ ಕಾಯುತ್ತಿದ್ದರು. ನಮ್ಮ ಆಯೋಗದ ಒಂದು ಸಭೆಯನ್ನೂ ತಪ್ಪಿಸಿದವರಲ್ಲ. ಯಾರು ಏನು ಕೇಳಿದರೂ ‘ಬೇಡ’ ಎನ್ನುವುದು ಅವರ ಸ್ಥಾಯೀ ಅಭಿಪ್ರಾಯ, ಮತ್ತು ಮುಕ್ಕಾಲು ಪಾಲು ಅವರು ಹೇಳುವುದು ಸರಿಯೇ ಇರುತ್ತಿತ್ತು.

ಹೊರಡುವಾಗ ಡಾಕ್ಟರು ಒಂದು ಸ್ಟೀಲ್ ಡಬ್ಬಿ ಕೈಗಿತ್ತರು. ಯುಗಾದಿ ಮುಗಿದು ಎರಡು ದಿನವಾಗಿತ್ತು. ಒಳಗೆ ಹೋಳಿಗೆ. ಬೇಡವೆಂದೆ. “ಹಬ್ಬದ್ದು ರೀ, ಬ್ಯಾಡ ಅನಬಾರದು,” ಎಂದರು. ಅನ್ನಬಾರದು ಎನ್ನುವುದು ನನಗೂ ಗೊತ್ತಿತ್ತು, ಇಸಿದುಕೊಂಡೆ. ನಗರದ ನೌಕರರು ಅರ್ಜಿದಾರರಿಂದ ಏನನ್ನೂ ತೆಗೆದುಕೊಳ್ಳಬಾರದು ಎನ್ನುವುದೂ ಗೊತ್ತಿತ್ತು, ಪ್ರತಿವರ್ಷ ಅದರ ತರಬೇತಿಯ ವಿಡಿಯೊ ನೋಡಿ ಕ್ಲಿಕ್ ಮಾಡುತ್ತೇನೆ. ಆದರೆ ಆ ವಿಡಿಯೊದಲ್ಲಿ ಕೋಟು ಹಾಕಿದವನೊಬ್ಬ ಲಕೋಟೆ ಕೊಡುತ್ತಾನೆ. ಹೋಳಿಗೆ ಕೊಡುವವರು ಅದರಲ್ಲಿ ಇಲ್ಲ.

ಕಚೇರಿಗೆ ಬಂದು ‘ಅರ್ಜಿಯನ್ನು ತಿರಸ್ಕರಿಸಬಹುದು’ ಎಂದು ವರದಿಯ ಕರಡು ಬರೆದೆ. ನಿಯಮದ ಪ್ರಕಾರ ಬೇರೇನೂ ಬರೆಯಲು ಬರುವಂತಿರಲಿಲ್ಲ. ಸಹಿ ಮಾಡಲು ಮಾತ್ರ ಕೈ ಬರಲಿಲ್ಲ. ಬಾಗಿಲು ಉಳಿಸಲು ಹೋಗಿ ಮನೆ ಕಳೆದುಕೊಳ್ಳುವವಳು ನಾನೇ ಎಂದು ಕಾಣುತ್ತಿತ್ತು.

ಮೂರನೆಯ ದಿನ ಅಂಕಲ್ ಫೋನ್ ಮಾಡಿದರು.

“ಮೇಡಂ, ಪೂರ್ವಕ್ಕ ಗಿಡದ ಪೊದಿ ಒಳಗ ಮೂರು ಇಟ್ಟಂಗಿ ಕಂಬ ಅದಾವ. ಮೊಳಕಾಲಿನಷ್ಟು ಎತ್ತರ. ಮ್ಯಾಲೆ ಏನೂ ಇಲ್ಲ. ಭಾರ ಇಲ್ಲದ ಕಂಬಾ ನಮ್ಮ ಇಲಾಖೆದಾಗೂ ಕಟ್ಟಂಗಿಲ್ರಿ.”

“ಬಾಗಿಲಿಗೋಸ್ಕರ ಹೇಳ್ತಿದೀರಾ ಅಂಕಲ್?”

“ಬಾಗಲದ್ದು ಬಿಡ್ರಿ. ಕಂಬ ನೋಡಾಕ ಬರ್ರಿ.”

ಹೋದೆ. ಡಬ್ಬಿಯನ್ನೂ ಒಯ್ದೆ. ಖಾಲಿ ಡಬ್ಬಿ ಹೇಗೆ ವಾಪಸು ಕೊಡುವುದು? ಕೋಡುಬಳೆ ತುಂಬಿ ಒಯ್ದೆ. ಜಗಲಿಯ ಮೇಲೆ ಡಾಕ್ಟರ ಕೈಗೆ ಕೊಡುವಾಗ ಪಕ್ಕದ ಮನೆಯ ಪರದೆ ಮತ್ತೆ ಅಲ್ಲಾಡಿತು. ಗಾಳಿ ಎಂದುಕೊಂಡೆ.

ಇಲ್ಲಿನ ಹಳೆಯ ಮರದ ಮನೆಗಳು ನೆಲದಿಂದ ಎರಡಡಿ ಮೇಲೆ ಇಟ್ಟಿಗೆ ಕಂಬಗಳ ಮೇಲೆ ಕುಳಿತಿರುತ್ತವೆ. ಟಾರ್ಚ್ ಹಿಡಿದು, ಹೊಟ್ಟೆಯ ಮೇಲೆ ತೆವಳಿಕೊಂಡು ಮನೆಯ ಕೆಳಗೆ ಹೋದೆ. ಅಂಕಲ್ ಹೊರಗೆ ಕುರ್ಚಿ ಹಾಕಿಕೊಂಡು ಕೂತು, “ಎಡಕ್ಕ ಹೋಗ್ರಿ, ಹಾವು ಇದ್ರ ಹೇಳ್ರಿ,” ಎಂದು ಮೇಲ್ವಿಚಾರಣೆ ಮಾಡಿದರು. ಪೊದೆಯೊಳಗಿನ ಮೂರು ಕಂಬಗಳ ಇಟ್ಟಿಗೆ, ಸುಣ್ಣದ ಗಾರೆ ಎರಡೂ ಮನೆಯ ಅಸಲು ಕಂಬಗಳದ್ದೇ. ದಕ್ಷಿಣದ ಜಗಲಿಯ ಕೆಳಗಿನ ಕಂಬಗಳದ್ದು ಬೇರೆ ಇಟ್ಟಿಗೆ, ನಡುವೆ ಸಿಮೆಂಟು. ಅಂದರೆ ಈಗಿನ ಮುಂಭಾಗವೇ ಆಮೇಲೆ ಬಂದದ್ದು.

ಹೊರಬಂದು ಪೂರ್ವದ ಗೋಡೆಯ ಅಲ್ಯೂಮಿನಿಯಂ ಹೊದಿಕೆಯ ನಾಲ್ಕು ಪಟ್ಟಿಗಳನ್ನು ಡಾಕ್ಟರ ಒಪ್ಪಿಗೆ ಪಡೆದು ಬಿಡಿಸಿದೆ. ಅಡಿಯಲ್ಲಿ ಹಳೆಯ ಹಲಗೆಗಳು. ಗೋಡೆಯುದ್ದಕ್ಕೂ ಉದ್ದುದ್ದ ಓಡುವ ಹಲಗೆಗಳ ನಡುವೆ ಒಂದು ಕಡೆ ತುಂಡು ಹಲಗೆಗಳು, ಸರಿಯಾಗಿ ಒಂದು ಬಾಗಿಲಿನ ಅಗಲಕ್ಕೆ. ಮೇಲೆ, ಹಿಂದೊಮ್ಮೆ ಜಗಲಿಯ ಮಾಡು ತಾಗಿದ್ದಲ್ಲಿ ಬಣ್ಣ ಬಳಿಯದ ಓರೆ ಗೆರೆ. ಮುಚ್ಚಿದ ಬಾಗಿಲು ಮುಚ್ಚಿಕೊಂಡೇ ತನ್ನ ಅಳತೆಯನ್ನು ಬರೆದಿಟ್ಟಿತ್ತು.

“ನಾ ಹೇಳಿಲ್ಲೇನ್ರಿ?” ಎಂದರು ಅಂಕಲ್. ಅವರು ಹೇಳಿದ್ದು ಯಮನ ವಿಷಯ. ಆದರೆ ಆ ಕ್ಷಣ ವಾದಿಸುವ ಮನಸ್ಸಾಗಲಿಲ್ಲ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ತಲೆಯ ಮೇಲಿದ್ದ ಜೇಡರ ಬಲೆ ತೆಗೆಯುವುದನ್ನೇ ಮರೆತು ಕಚೇರಿಗೆ ಹೋದೆ.

ಒಂದು ಸಾಕ್ಷಿ ಸಾಲದು, ಅದರಲ್ಲೂ ಅರ್ಜಿದಾರರ ತಂದೆ ತೋರಿಸಿದ ಸಾಕ್ಷಿ. ಹಿಂದಿನ ಕಾಲದಲ್ಲಿ ವಿಮೆ ಕಂಪನಿಗಳು ಊರೂರಿನ ಕಟ್ಟಡಗಳ ನಕ್ಷೆ ಬರೆಸುತ್ತಿದ್ದವು. ಯಾವುದು ಮರ, ಯಾವುದು ಇಟ್ಟಿಗೆ, ಯಾವುದಕ್ಕೆ ಬೆಂಕಿ ಬೇಗ ಹತ್ತುತ್ತದೆ ಎಂದು ಅವುಗಳಲ್ಲಿ ಗುರುತಿರುತ್ತದೆ. ಜಗಲಿಯನ್ನು ಚುಕ್ಕಿಗೆರೆಯಲ್ಲಿ ತೋರಿಸುತ್ತಾರೆ. ಎರಡು ದಿನ ಗ್ರಂಥಾಲಯದಲ್ಲಿ ಕುಳಿತು ಹುಡುಕಿದೆ. ಮೊದಲ ನಕ್ಷೆಯಲ್ಲಿ ಚುಕ್ಕಿಗೆರೆ ಪೂರ್ವಕ್ಕೆ, ರೈಲು ನಿಲ್ದಾಣದ ಕಡೆ. ಮುಂದಿನ ನಕ್ಷೆಯಲ್ಲಿ ದಕ್ಷಿಣಕ್ಕೆ. ನಡುವೆ ದಕ್ಷಿಣದ ರಸ್ತೆಗೆ ಡಾಂಬರು ಬಂದಿತ್ತು, ರೈಲಿಗೆ ಬರುವವರು ಕಡಿಮೆಯಾಗಿದ್ದರು. ಗಿರಣಿಯ ಯಜಮಾನ ಗಿರಾಕಿ ಬರುವ ಕಡೆ ಮನೆಯ ಮುಖ ತಿರುಗಿಸಿದ್ದ.

ಕರಡು ಹರಿದು ಹಾಕಿ ಹೊಸದಾಗಿ ಬರೆದೆ. ಪೂರ್ವದ ಬಾಗಿಲನ್ನು ಹಳೆಯ ಗುರುತಿನಲ್ಲೇ ಮತ್ತೆ ತೆರೆಯಬಹುದು, ಹಳೆಯ ಕಂಬಗಳ ಮೇಲೆ ಜಗಲಿ ಕಟ್ಟಬಹುದು. ದಕ್ಷಿಣದ ಗೋಡೆಯನ್ನು ಮುಟ್ಟುವಂತಿಲ್ಲ. ಅದೂ ನಿಂತು ನಿಂತು ಈಗ ಇತಿಹಾಸವೇ ಆಗಿದೆ. ಆ ಬಾಗಿಲು ಇದ್ದಲ್ಲೇ ಇರಬೇಕು, ಕೀಲು, ಬೀಗ ಸಮೇತ ತೆರೆಯುವ ಸ್ಥಿತಿಯಲ್ಲಿರಬೇಕು.

ಅಂಕಲ್ ಇದಕ್ಕೆ ಕುದಿದರು. “ತೆಗೀಲಾರದ ಬಾಗಲಕ್ಕ ಕೀಲಿ ಯಾಕ್ರಿ?”

“ತೆಗೆಯೋಕೆ ಬಂದ್ರೆ ಬಾಗಿಲು ಅಂಕಲ್. ಬರದಿದ್ರೆ ಅದು ಬಾಗಿಲಿನ ಫೋಟೊ.”

ಅವರು ಗೊಣಗುತ್ತ ಒಳಗೆ ಹೋದರು. ಡಾಕ್ಟರು ಡಬ್ಬಿಯೊಂದಿಗೆ ಹೊರಬಂದರು. ಈ ಸಲ ಶೇಂಗಾ ಹೋಳಿಗೆ.

ಈ ಅರ್ಜಿಯ ಮೇಲೆ ಆಯೋಗದ ಮೊದಲ ಸಭೆ ಅದಾದ ವಾರಕ್ಕೆ. ಅಧ್ಯಕ್ಷರು ಶಾಲೆಯಲ್ಲಿ ಬ್ಯಾಂಡ್ ಕಲಿಸಿ ನಿವೃತ್ತರಾದವರು, ಸಭೆಯನ್ನು ಪೆನ್ಸಿಲ್ ಬೀಸಿಯೇ ನಡೆಸುತ್ತಾರೆ. ನಾನು ವರದಿ ಓದಲು ಎದ್ದು ನಿಲ್ಲುವ ಮೊದಲೇ ಅಜ್ಜಿ ಮೈಕಿನ ಮುಂದಿದ್ದರು.

“ಈ ವರದಿ ಕೇಳೋ ಮುಂಚೆ ಒಂದು ಮಾತು,” ಎಂದರು. “ಈ ಹೆಣ್ಣುಮಗಳು ಅರ್ಜಿದಾರರ ಹತ್ತಿರ ಬೆಳ್ಳಿ ಪೆಟ್ಟಿಗೆ ತಗೋತಾಳೆ. ನನ್ನ ಕಿಟಕಿಯಿಂದ ಕಣ್ಣಾರೆ ನೋಡಿದೀನಿ. ಎರಡು ಸಲ ಅವರು ಕೊಟ್ಟರು. ಒಂದು ಸಲ ಇವಳೇ ಕೊಟ್ಟಳು.”

ಅಧ್ಯಕ್ಷರ ಪೆನ್ಸಿಲ್ ನಿಂತಿತು. “ಇವರೇ ಕೊಟ್ಟರಾ?”

“ಹೌದು. ಯಾರು ಯಾರಿಗೆ ಲಂಚ ಕೊಡ್ತಿದಾರೆ ಅಂತಲೇ ನನಗೆ ತಿಳೀತಿಲ್ಲ.”

ಸಭೆ ಒಂದು ತಿಂಗಳು ಮುಂದೆ ಹೋಯಿತು. ಮರುದಿನ ಬೆಳಿಗ್ಗೆ ನಗರದ ವಕೀಲೆಯ ಕೋಣೆಯಲ್ಲಿ ನಾನು, ನಡುವೆ ಮೇಜಿನ ಮೇಲೆ ಡಬ್ಬಿ. ಬೆಳ್ಳಿಯಲ್ಲ ಎನ್ನುವುದು ಮೊದಲ ನಿಮಿಷದಲ್ಲೇ ತೀರ್ಮಾನವಾಯಿತು. ಉಳಿದದ್ದು ಅಷ್ಟು ಸುಲಭವಿರಲಿಲ್ಲ.

“ಅವರು ತಿಂಡಿ ಕೊಟ್ಟರು, ಅದು ಅರ್ಥವಾಯಿತು. ನೀನು ತುಂಬಿ ವಾಪಸು ಕೊಟ್ಟದ್ದು ಯಾಕೆ?”

“ಡಬ್ಬಿ ಖಾಲಿ ಕೊಡಬಾರದು.”

“ಕಾನೂನಾ?”

“ಕಾನೂನಿಗಿಂತ ಗಟ್ಟಿ.”

“ಆಮೇಲೆ ಅವರು ಮತ್ತೆ ತುಂಬಿ ಕೊಟ್ಟರು. ಅವರಿಗೂ ಖಾಲಿ ಇಡುವ ಹಾಗಿಲ್ಲ. ಹಾಗಾದರೆ ಇದು ನಿಲ್ಲುವುದು ಯಾವಾಗ?”

ನಾನು ಯೋಚಿಸಿದೆ. ಮೈಸೂರಿನಲ್ಲಿ ನಮ್ಮಮ್ಮ ಮತ್ತು ಎದುರು ಮನೆಯವರ ನಡುವಿನ ಡಬ್ಬಿ ನಾನು ಹುಟ್ಟುವ ಮೊದಲು ಹೊರಟದ್ದು, ಇನ್ನೂ ನಿಂತಿಲ್ಲ. ಹಾಗೆಯೇ ಹೇಳಿದೆ. ವಕೀಲೆ ಪೆನ್ನು ಕೆಳಗಿಟ್ಟಳು.

ನಗುವಂತಿದ್ದರೂ ನನಗೆ ಅಳು ಬಂತು. ಮೂರು ಬೀದಿಯ ಕಾವಲಿಗೆಂದು ಇಟ್ಟುಕೊಂಡವಳು ಕೋಡುಬಳೆಗೆ ಸಿಕ್ಕಿಬಿದ್ದಿದ್ದೆ. ವಕೀಲೆ ಎರಡು ದಾರಿ ಹೇಳಿದಳು. ಒಂದು, ಕಡತವನ್ನು ಹೊರಗಿನ ತಜ್ಞರಿಗೆ ಒಪ್ಪಿಸುವುದು. ನನಗೆ ಕ್ಷೇಮ, ಆದರೆ ಅವರು ಬಂದು ನೋಡಿ ಬರೆಯಲು ತಿಂಗಳುಗಟ್ಟಲೆ ಬೇಕು. ಇನ್ನೊಂದು, ನಾನೇ ಸಭೆಯ ಮುಂದೆ ನಿಂತು ಎಲ್ಲವನ್ನೂ ಹೇಳಿ, ನನ್ನ ವರದಿ ಕೇಳುವುದೋ ಬಿಡುವುದೋ ಎಂದು ಆಯೋಗಕ್ಕೆ ಬಿಡುವುದು. ಬೇಡವೆಂದರೆ ವರದಿಯೂ ಹೋಯಿತು, ಪ್ರಾಯಶಃ ನನ್ನ ಕೆಲಸವೂ.

ತಜ್ಞರು ಬರುವಷ್ಟರಲ್ಲಿ ಅಲ್ಲಿ ಕಾರುಗಳು ಸೋಪು ಹಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. “ನಾನೇ ಹೇಳ್ತೀನಿ,” ಎಂದೆ. ಧೈರ್ಯದಿಂದಲ್ಲ. ತುಂಡು ಹಲಗೆಗಳಲ್ಲಿ ಆ ಬಾಗಿಲಿನ ಗುರುತನ್ನು ಕಂಡ ಮೇಲೆ ಬಿಟ್ಟುಬಿಡುವುದು ನನ್ನಿಂದ ಆಗುತ್ತಿರಲಿಲ್ಲ.

ಎರಡನೆಯ ಸಭೆಗೆ ಅರ್ಧ ಊರು ಬಂದಿತ್ತು. ಬೆಳ್ಳಿ ಪೆಟ್ಟಿಗೆಯ ಸುದ್ದಿ ಕೆಲಸ ಮಾಡಿತ್ತು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೊದಲಿಂದ ಹೇಳಿದೆ: ಹೋಳಿಗೆ, ಕೋಡುಬಳೆ, ಶೇಂಗಾ ಹೋಳಿಗೆ. ತಿಂದದ್ದು ನಿಜ, ತಪ್ಪು ನನ್ನದು ಎಂದೆ. ನಮ್ಮಲ್ಲಿ ಯಾರದಾದರೂ ಪಾತ್ರೆ ಮನೆಗೆ ಬಂದರೆ ಬರಿದಾಗಿ ಕಳಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತೇವೆ ಎಂದೆ. ಅಧ್ಯಕ್ಷರು ಮುಚ್ಚಳ ತೆಗೆದು ಮೂಸಿ ನೋಡಿ, ದಾಖಲೆಗೆ ಸೇರಿಸಿಕೊಳ್ಳಲು ಹೇಳಿದರು. ಗುಮಾಸ್ತೆ ಡಬ್ಬಿಗೆ ಚೀಟಿ ಅಂಟಿಸಿದಳು. ಆಯೋಗ ಕೈಯೆತ್ತಿ ಮತ ಹಾಕಿತು. ಒಂದೇ ಮತದ ಅಂತರದಿಂದ, ವರದಿ ಕೇಳೋಣ ಎಂದಾಯಿತು.

ಕಂಬ, ಗಾರೆ, ಹಲಗೆಯ ಚಿತ್ರಗಳನ್ನು ತೋರಿಸಿದೆ. ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟೆ. ಮುಗಿಸಿದಾಗ ಅಜ್ಜಿ ಎದ್ದರು. ಮುಗಿಯಿತು ನನ್ನ ಕತೆ ಎಂದುಕೊಂಡೆ.

ಅವರು ಮೈಕಿಗೆ ಬರಲಿಲ್ಲ. ನಕ್ಷೆಯ ಹತ್ತಿರ ಬಂದು ಪೂರ್ವದ ಚುಕ್ಕಿಗೆರೆಯ ಮೇಲೆ ಬೆರಳಿಟ್ಟರು.

“ನಮ್ಮಜ್ಜಿ ಆ ಪಕ್ಕದ ರೂಮನ್ನ ಯಾವಾಗಲೂ ಮುಂದಿನ ರೂಮು ಅಂತಿದ್ರು,” ಎಂದರು. “‘ಮುಂದಿನ ರೂಮಿನಿಂದ ಕುರ್ಚಿ ತಗೊಂಡು ಬಾ.’ ಅದು ಮುಂದೆ ಎಲ್ಲಿತ್ತು, ಪಕ್ಕದಲ್ಲಿತ್ತು. ವಯಸ್ಸಾಯ್ತು, ಅಜ್ಜಿಗೆ ಮರೆವು ಅಂತ ನಾವೆಲ್ಲ ನಗ್ತಿದ್ವಿ.” ಬೆರಳು ತೆಗೆಯದೆ, “ನಾವೇ ತಪ್ಪು,” ಎಂದರು.

ಆಮೇಲೆ ಅಧ್ಯಕ್ಷರ ಕಡೆ ತಿರುಗಿ, “ದಕ್ಷಿಣದ ಬಾಗಿಲು ತೆರೆಯೋ ಹಾಗೇ ಇರುತ್ತೆ ಅಂತ ಬರೆದಿದಾಳಲ್ಲ, ಅದು ಖಂಡಿತ ತಾನೇ?” ಎಂದು ಕೇಳಿದರು. ಅಧ್ಯಕ್ಷರು ಖಂಡಿತ ಎಂದರು. “ಹಾಗಾದರೆ ನಾನು ಬೇಡ ಅನ್ನಲ್ಲ.” ಆ ಸಭಾಂಗಣದಲ್ಲಿ ಆ ಮಾತನ್ನು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಮತಕ್ಕೆ ಹಾಕಿದಾಗ ಎಲ್ಲ ಕೈಗಳೂ ಮೇಲೆದ್ದವು.

ನನಗೆ ಒಂದು ಲಿಖಿತ ಎಚ್ಚರಿಕೆ ಸಿಕ್ಕಿತು, ಜೊತೆಗೆ ಆ ವಿಡಿಯೊವನ್ನು ಇನ್ನೊಮ್ಮೆ ನೋಡುವ ಶಿಕ್ಷೆ. ಕಾರ್ ವಾಶ್‌ನವರು ಹೆದ್ದಾರಿಯ ಪಕ್ಕ ಬೇರೆ ಜಾಗ ನೋಡಿಕೊಂಡರು. ಬೇಸಿಗೆಯಿಡೀ ಕೆಲಸ ನಡೆಯಿತು. ಬಡಗಿಗಳ ತಲೆಯ ಮೇಲೆ ಅಂಕಲ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಳೆಯ ಗಾರೆಯ ಕಂಬಕ್ಕೆ ಸಿಮೆಂಟ್ ಮೆತ್ತಲು ಹೋದರು, ಸುಣ್ಣವೇ ಆಗಬೇಕೆಂದು ಅವರೊಡನೆ ಎರಡು ಸಲ ಜಗಳವಾಡಿದೆ. ದಕ್ಷಿಣದ ಬಾಗಿಲಿನ ಬೀಗದ ಕೈಯನ್ನು ಮಾತ್ರ ಅವರು ಯಾರಿಗೂ ಕೊಡಲಿಲ್ಲ. ಸದಾ ತಮ್ಮ ಜೇಬಿನಲ್ಲೇ.

ಕ್ಲಿನಿಕ್ ಶುರುವಾದ ದಿನ ತನಿಖೆಯ ನೆಪದಲ್ಲಿ ಹೋದೆ, ಏನೂ ತಿನ್ನುವುದಿಲ್ಲವೆಂದು ಮೊದಲೇ ಹೇಳಿ. ಪೂರ್ವದ ಬಾಗಿಲಿಗೆ ಮಾವಿನೆಲೆ ಸಿಕ್ಕದೆ ಪ್ಲಾಸ್ಟಿಕ್ ತೋರಣ ಕಟ್ಟಿದ್ದರು. ಜನ ಅದೇ ಬಾಗಿಲಿನಿಂದ ಬರುತ್ತಿದ್ದರು. ಅಂಕಲ್ ಒಬ್ಬೊಬ್ಬರನ್ನೂ ಎಣಿಸುವವರ ಹಾಗೆ ನೋಡುತ್ತಿದ್ದರು.

ಅಷ್ಟರಲ್ಲಿ ದಕ್ಷಿಣದ ಬಾಗಿಲನ್ನು ಯಾರೋ ತಟ್ಟಿದರು.

ಗಾಜಿನಾಚೆ ಅಜ್ಜಿ. ಹುಟ್ಟಿದಂದಿನಿಂದ ಬಂದ ದಾರಿಯಲ್ಲೇ ಬಂದು, ಹಳೆಯ ಜಗಲಿಯ ಮೇಲೆ ನಿಂತಿದ್ದರು. ಕೈಯಲ್ಲಿ ದಾಖಲೆಯ ಚೀಟಿ ಇನ್ನೂ ಅಂಟಿಕೊಂಡಿದ್ದ ಡಬ್ಬಿ. ಡಾಕ್ಟರಿಗೆ ತಾನೇ ತಲುಪಿಸುತ್ತೇನೆಂದು ಗುಮಾಸ್ತೆಯಿಂದ ಸಹಿ ಹಾಕಿ ಇಸಿದುಕೊಂಡಿದ್ದರಂತೆ. ಡಾಕ್ಟರು ತಂದೆಯ ಮುಖ ನೋಡಿದರು. ನಾನೂ ನೋಡಿದೆ. ಮೊದಲ ದಿನ, ಮುಹೂರ್ತ ನೋಡಿ ಇಟ್ಟ ದಿನ. “ಆ ಕಡೆಯಿಂದ ಬರಾಕ ಹೇಳ್ತೇನಿ ಪಪ್ಪಾ,” ಎಂದು ಡಾಕ್ಟರು ಎದ್ದರು.

ಅಂಕಲ್ ಅವರನ್ನು ಕೈಯಲ್ಲೇ ತಡೆದು, ಜೇಬಿನಿಂದ ಬೀಗದ ಕೈ ತೆಗೆದರು. ಬಾಗಿಲು ಒಂದಿಷ್ಟೂ ಸದ್ದು ಮಾಡದೆ ತೆರೆಯಿತು. ಕೀಲುಗಳಿಗೆ ಎಣ್ಣೆ ಹಾಕಿಟ್ಟಿದ್ದರು. ಅಜ್ಜಿ ಒಳಗೆ ಬಂದು ಡಬ್ಬಿಯನ್ನು ಅವರ ಕೈಗೆ ಕೊಟ್ಟರು. ತುಂಬ ಭಾರವಾಗಿತ್ತು. ಒಳಗೆ ಸುಲಿದ ಪೆಕಾನ್, ಅಕ್ರೋಟಿನಂಥ ಬೀಜ; ಹಿತ್ತಲಿನಲ್ಲಿ ತನ್ನ ಅಜ್ಜ ನೆಟ್ಟ ಮರದ್ದು ಎಂದರು.

“ಖಾಲಿ ಕೊಡಬಾರದಂತಲ್ಲ,” ಎಂದು ನನ್ನ ಕಡೆ ನೋಡಿ ಹೇಳಿ, ಮುಂದಿನ ರೂಮು ನೋಡಲು ಹೊರಟರು.

ನಾನು ಸುಮ್ಮನಿರಲಾರದೆ ಕೇಳಿದೆ: “ಏನು ಅಂಕಲ್, ಯಮನ ಬಾಗಿಲು ತೆಗೆದೇಬಿಟ್ರಲ್ಲ?”

“ಯಮಂದಲ್ರಿ ಮೇಡಂ ಅದು,” ಎಂದರು ಅಂಕಲ್. “ಅವರು ಹುಟ್ಟಿದ ಮನಿ ಬಾಗಲಾ. ಅವರಿಗೆ ಮುಚ್ಚಾಕ ನಾ ಯಾರು?”

ಅಷ್ಟು ಹೇಳಿ ಬಾಗಿಲು ಹಾಕಿದರು. ಬೀಗ ಹಾಕಲಿಲ್ಲ. ಅಜ್ಜಿ ವಾಪಸು ಹೋಗುವಾಗ ಮತ್ತೆ ಬೇಕಲ್ಲ ಎಂದರು.